ಹಲ್ಲುಳ್ಳ ಅಂಚೆಚೀಟಿಗಳು

ಊರು ನೋಡಬೇಕೆಂದರೆ ದೂರದೇಶಕ್ಕೇ ಹೋಗಬೇಕೆಂಬ ನಿಯಮವಿಲ್ಲ. ಬೆಳಗಿನ ಕಾಫಿಯಾದ ಮೇಲೆ ಮನೆಯ ಹೊಸಲು ದಾಟಿ, ದೀಪ ಹಚ್ಚುವ ಹೊತ್ತಿಗೆ ಹಿಂದಿರುಗುವವನಿಗೂ, ಕಣ್ಣು ತೆರೆದಿದ್ದರೆ, ಕಾಣತಕ್ಕ ಸಂಗತಿಗಳು ಬೇಕಾದಷ್ಟಿರುತ್ತವೆ. ನಾವು ಇಲ್ಲಿ ವಾಚಕರ ಮುಂದಿಡುವುದು ಜಯನಗರ, ಬನಶಂಕರಿ, ಜೆ. ಪಿ. ನಗರ, ಬಿ. ಟಿ. ಎಂ. ಬಡಾವಣೆ ಎಂಬ ಬೆಂಗಳೂರಿನ ನಾಲ್ಕು ಸ್ಥಳಗಳಲ್ಲಿ ನಡೆದ ಒಂದು ದಿನದ ಸಂಚಾರವನ್ನು. ಆದರೆ ಆ ಸಂಚಾರಕ್ಕೆ ಕಾರಣವಾದ ವಸ್ತು ಮಾತ್ರ ಈ ಊರಿನದಲ್ಲ. ಹಿಮದ ನಾಡಾದ ಫಿನ್ಲೆಂಡಿನಲ್ಲಿ ನೂರೈವತ್ತು ವರ್ಷಗಳಿಗೂ ಹಿಂದೆ ಅಚ್ಚಾದ, ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದಾದ ಹನ್ನೊಂದು ಕಾಗದದ ಚೂರುಗಳು ನಮ್ಮನ್ನು ಆ ದಿನ ಮನೆಯಿಂದ ಹೊರಡಿಸಿದುವು.

ಅಂಚೆಯೆಂಬ ಶಬ್ದಕ್ಕೆ ಹಳಗನ್ನಡದಲ್ಲಿ ಹಂಸಪಕ್ಷಿಯೆಂಬ ಅರ್ಥವುಂಟು. ನಳನ ಮಾತನ್ನು ದಮಯಂತಿಗೆ ಮುಟ್ಟಿಸಿದುದೂ ಹಂಸವೇ. ಕಾಗದ ಹೊತ್ತು ಓಡುವವನಿಗೂ ಹಂಸಕ್ಕೂ ನಮ್ಮ ಭಾಷೆಯಲ್ಲಿ ಒಂದೇ ಹೆಸರು ಒದಗಿರುವುದು ಸೊಗಸಲ್ಲವೆ? ಚಿಕ್ಕದೇವರಾಜ ಒಡೆಯರ ಕಾಲದ ಅಠಾರಾ ಕಚೇರಿಗಳಲ್ಲಿ ಅಂಚೆಯೂ ಒಂದಾಗಿ, ಮೈಸೂರು ಸೀಮೆಯ ಉದ್ದಗಲಕ್ಕೂ ಓಲೆಗಳನ್ನೂ ವರ್ತಮಾನಗಳನ್ನೂ ಸಾಗಿಸುತ್ತಿತ್ತು. ೧೮೮೯ರಲ್ಲಿ ಅದು ಬ್ರಿಟಿಷ್ ಇಂಡಿಯದ ಅಂಚೆಯಲ್ಲಿ ಲೀನವಾಯಿತು. ಈ ವರ್ಷವನ್ನು ವಾಚಕರು ಸ್ವಲ್ಪ ನೆನಪಿನಲ್ಲಿಟ್ಟಿರಬೇಕು. ಮುಂದೆ ಪ್ರಯೋಜನಕ್ಕೆ ಬರುತ್ತದೆ.

ನಾವು ಇರುವುದು ಜಯನಗರದಲ್ಲಿ. ಈ ಬಡಾವಣೆಗೆ ೧೯೪೮ರಲ್ಲಿ, ಆಗ ಗೌರ್ನರ್ ಜನರಲ್ ಆಗಿದ್ದ ಸಿ. ರಾಜಗೋಪಾಲಾಚಾರ್ಯರು ಪ್ರಾರಂಭೋತ್ಸವ ಮಾಡಿದರು. ಅದರ ಗುರುತಾಗಿ ಅಶೋಕಸ್ತಂಭವು ಇಂದಿಗೂ ನಿಂತಿದೆ. ಹಳೆಯ ಪೇಟೆಗಳಂತೆ ತಾನಾಗಿ ಬೆಳೆದ ಊರಲ್ಲ ಇದು. ಗೆರೆ ಎಳೆದು, ಬ್ಲಾಕುಗಳೆಂದು ಭಾಗ ಮಾಡಿ, ಮುಖ್ಯರಸ್ತೆ ಅಡ್ಡರಸ್ತೆಗಳಿಗೆ ಸಂಖ್ಯೆ ಕೊಟ್ಟು ಕಟ್ಟಿದ್ದು. ಒಂದು ದೊಡ್ಡ ಹಾಳೆಯ ಅಂಚೆಚೀಟಿಗಳಂತೆ ಮನೆಗಳು ಸಾಲಾಗಿ ನಿಂತಿವೆ. ನಡುನಡುವೆ ಮರಗಳು ತಮ್ಮ ಇಷ್ಟದಂತೆ ಬಾಗಿ ಆ ಗೆರೆಗಳ ಕಟ್ಟುನಿಟ್ಟನ್ನು ಸ್ವಲ್ಪ ಸಡಿಲಿಸಿವೆ. ೧೯೭೨ರ ಆಗಸ್ಟ್ ೧೫ರಂದು ದೇಶದಲ್ಲೆಲ್ಲ ಆರಂಕಿಯ ಪಿನ್‌ಕೋಡು ಬಂದ ಮೇಲೆ, ಜಯನಗರಕ್ಕೆ ೫೬೦೦೧೧, ಜೆ. ಪಿ. ನಗರಕ್ಕೆ ೫೬೦೦೭೮ ಎಂದು ಮುಂತಾಗಿ ಊರಿನ ಭಾಗಗಳೆಲ್ಲ ಅಂಕಿಗಳಾದುವು. ಕಾಗದ ಬರೆಯುವವರು ಕಡಿಮೆಯಾದ ಈ ಕಾಲದಲ್ಲಿಯೂ, ಮನೆಗೆ ಸಾಮಾನು ತಂದುಕೊಡುವ ಹುಡುಗರು ಮೊದಲು ಕೇಳುವುದು ಆ ಅಂಕಿಯನ್ನೇ.

ಕಳೆದ ಪುಷ್ಯಮಾಸದಲ್ಲಿ ಬನಶಂಕರಿ ಎರಡನೆಯ ಹಂತದಿಂದ ನಮಗೊಂದು ಕರೆ ಬಂದಿತು. ನಮ್ಮ ಹಿರಿಯ ಮಿತ್ರರೊಬ್ಬರು ಅಲ್ಲಿದ್ದರು. ತೀರಿಕೊಂಡು ಒಂದು ವರ್ಷ ತುಂಬಿತ್ತು. ಕರೆದವರು ಅವರ ಧರ್ಮಪತ್ನಿ. ನಾವು ಅವರನ್ನು ಅತ್ತಿಗೆಯವರೆಂದೇ ಕರೆಯುವುದು ವಾಡಿಕೆ. "ಅವರ ಸ್ಟಾಂಪಿನ ಪುಸ್ತಕವನ್ನು ಒಬ್ಬ ವ್ಯಾಪಾರಿ ಕೇಳುತ್ತಿದ್ದಾನೆ. ಕೊಡುವ ಮೊದಲು ನೀವೊಮ್ಮೆ ನೋಡಿ ಹೇಳಬೇಕು, ಮೇಷ್ಟ್ರೇ. ನನ್ನ ಎರಡು ಕಣ್ಣಿಗೂ ಪೊರೆ ಬಂದಿದೆ. ಶಸ್ತ್ರಚಿಕಿತ್ಸೆಗೆ ಹಣ ಬೇಕು. ಮಗನನ್ನು ಕೇಳಲು ಮನಸ್ಸಿಲ್ಲ" ಎಂದರು. ನಾವು ಭೂತಗನ್ನಡಿಯನ್ನೂ ಚಿಮುಟವನ್ನೂ ಕೈಚೀಲದಲ್ಲಿಟ್ಟುಕೊಂಡು ಹೊರಟೆವು.

ಜಯನಗರದಿಂದ ಬನಶಂಕರಿಗೆ ಮೊದಲು ಬಸ್ಸಿಗೆ ಕಾಯಬೇಕಾಗಿತ್ತು. ೨೦೧೭ರಲ್ಲಿ ಮೆಟ್ರೋದ ಹಸುರು ಮಾರ್ಗವು ಈ ಕಡೆಗೆ ಬಂದ ಮೇಲೆ, ರಾಷ್ಟ್ರೀಯ ವಿದ್ಯಾಲಯ ರಸ್ತೆಯ ನಿಲ್ದಾಣವನ್ನು ದಾಟಿದರೆ ಬನಶಂಕರಿಯೇ. ಮರಗಳ ತಲೆಯ ಮೇಲೆ ಹೋಗುವ ಗಾಡಿಯಿಂದ ಕೆಳಗೆ ನೋಡಿದರೆ, ತಾರಸಿಗಳ ಮೇಲೆ ಒಣಹಾಕಿದ ಹಪ್ಪಳವೂ, ನೀರಿನ ಕರಿಯ ತೊಟ್ಟಿಗಳೂ, ತುಳಸಿಯ ಕಟ್ಟೆಗಳೂ ಕಾಣುತ್ತವೆ. ಮನೆಯ ಮುಂಭಾಗವನ್ನು ಯಜಮಾನನು ಊರಿಗಾಗಿ ಕಟ್ಟಿಸುತ್ತಾನೆ. ಸಂಸಾರದ ನಿಜವಾದ ಚಿತ್ರವನ್ನು ತಾರಸಿಯು ತೋರಿಸುತ್ತದೆ.

ಅತ್ತಿಗೆಯವರು ನಡುಮನೆಯಲ್ಲಿ ಕುಳಿತು ಅವರೆಕಾಳು ಹಿತುಕುತ್ತಿದ್ದರು. ಕಣ್ಣಿಗೆ ಮಂಜು ಕವಿದಿದ್ದರೂ ಬೆರಳಿಗೆ ಕೆಲಸ ತಪ್ಪಿರಲಿಲ್ಲ. ಮೊಮ್ಮಗಳು ಪುಸ್ತಕವನ್ನು ತಂದು ಕಿಟಕಿಯ ಬೆಳಕಿನಲ್ಲಿಟ್ಟಳು. ಭಾರತದ ಚೀಟಿಗಳು ಹೆಚ್ಚಾಗಿದ್ದುವು. ವಿಶ್ವೇಶ್ವರಯ್ಯನವರು ಬದುಕಿದ್ದಾಗಲೇ, ಅವರ ನೂರು ತುಂಬಿದ ೧೯೬೦ರಲ್ಲಿ, ಹೊರಟ ೧೫ ನಯೇಪೈಸೆಯದು, ೧೯೮೮ರ ಡಿ. ವಿ. ಜಿ. ಯವರದು, ೨೦೦೬ರಲ್ಲಿ ಬಂದ ಶ್ರೀಗಂಧದ ಪರಿಮಳದ ಚೀಟಿ. ಕೊನೆಯದನ್ನು ಮೊಮ್ಮಗಳು ಮೂಸಿ ನೋಡಿ "ಏನೂ ಇಲ್ಲ, ತಾತಾ" ಎಂದಳು. ಪುಸ್ತಕದ ಕಡೆಯ ಎರಡು ಪುಟಗಳಲ್ಲಿ ಫಿನ್ಲೆಂಡಿನ ಹನ್ನೊಂದು ಚೀಟಿಗಳಿದ್ದುವು. ವ್ಯಾಪಾರಿಯ ಕಣ್ಣು ಇದ್ದುದು ಅವುಗಳ ಮೇಲೆಯೇ.

ಈ ಚೀಟಿಗಳಿಗೆ ಅಷ್ಟು ಮಹತ್ವವೇಕೆಂಬುದನ್ನು ಇಲ್ಲಿ ಹೇಳದಿದ್ದರೆ ಮುಂದಿನ ಮಾತು ಅರ್ಥವಾಗದು. ಇಂಗ್ಲೆಂಡಿನಲ್ಲಿ ೧೮೪೦ರಲ್ಲಿ ಲೋಕದ ಮೊದಲ ಅಂಚೆಚೀಟಿ ಹೊರಟಾಗ ಅದಕ್ಕೆ ರಂಧ್ರಗಳಿರಲಿಲ್ಲ. ಹಾಳೆಯಿಂದ ಕತ್ತರಿಯಲ್ಲಿ ಕತ್ತರಿಸಿ ಅಂಟಿಸಬೇಕಾಗಿತ್ತು. ನಮ್ಮ ದೇಶದಲ್ಲಿ ೧೮೫೨ರಲ್ಲಿ ಸಿಂಧ್ ಪ್ರಾಂತದ ಅಧಿಕಾರಿ ಬಾರ್ಟಲ್ ಫ್ರಿಯರ್ ಹೊರಡಿಸಿದ ಅರ್ಧಾಣೆಯ ಸಿಂಧ್ ಡಾಕ್ ಚೀಟಿಯೂ ಹಾಗೆಯೇ. ಅದರಲ್ಲಿ ಕೆಂಪರಗಿನ ಬಿಲ್ಲೆಯ ಮೇಲೆ ಒತ್ತಿದ ಬಗೆಯು ದಾರಿಯಲ್ಲಿ ಬಿರಿದು ಪುಡಿಯಾಗುತ್ತಿತ್ತು. ೧೮೫೪ರಲ್ಲಿ ಕಲ್ಕತ್ತೆಯಲ್ಲಿ ಅಚ್ಚಾದ ಇಂಡಿಯದ ಚೀಟಿಗಳಿಗೂ ಕತ್ತರಿಯೇ ಗತಿ. ಅಷ್ಟರಲ್ಲಿ ಹೆನ್ರಿ ಆರ್ಚರ್ ಎಂಬಾತನ ಪ್ರಯತ್ನದಿಂದ, ಚೀಟಿಗಳ ನಡುವೆ ಸಣ್ಣ ತೂತುಗಳ ಸಾಲನ್ನು ಕೊರೆಯುವ ಯಂತ್ರ ಬಂದು, ೧೮೫೪ರಿಂದ ಇಂಗ್ಲೆಂಡಿನಲ್ಲಿ ಅದು ರೂಢಿಗೆ ಬಂದಿತು.

ಫಿನ್ಲೆಂಡು ಆಗ ರಷ್ಯದ ಚಕ್ರವರ್ತಿಯ ಅಧೀನದಲ್ಲಿದ್ದ ಸಂಸ್ಥಾನ. ಆದರೂ ೧೮೫೬ರಲ್ಲಿಯೇ ಅದಕ್ಕೆ ಸ್ವಂತ ಚೀಟಿಗಳಾದುವು. ೧೮೬೦ರಲ್ಲಿ ೫ ಮತ್ತು ೧೦ ಕೊಪೆಕ್ಕಿನ ಹೊಸ ಚೀಟಿಗಳು ಹೊರಟುವು. ಅವುಗಳಲ್ಲಿ ಖಡ್ಗ ಹಿಡಿದ, ಕಿರೀಟ ಧರಿಸಿದ ಸಿಂಹ; ನಮ್ಮ ಮೈಸೂರಿಗೆ ಗಂಡಭೇರುಂಡವಿದ್ದಂತೆ ಆ ನಾಡಿಗೆ ಸಿಂಹವೇ ಲಾಂಛನ. ಅದೇ ವರ್ಷ ಆ ನಾಡಿಗೆ ಮಾರ್ಕವೆಂಬ ಸ್ವಂತ ನಾಣ್ಯವೂ ದೊರೆಯಿತು. ನೂರು ಪೆನ್ನಿಗೆ ಒಂದು ಮಾರ್ಕ. ಆ ನಾಣ್ಯದ ಲೆಕ್ಕದಲ್ಲಿ ೧೮೬೬-೬೭ರಲ್ಲಿ ೫, ೮, ೧೦, ೨೦, ೪೦ ಪೆನ್ನಿಯ ಮತ್ತು ಒಂದು ಮಾರ್ಕದ ಚೀಟಿಗಳು ಬಂದುವು. ಹಸುರು ಕಾಗದದ ಮೇಲೆ ಕರಿಯ ಮುದ್ರೆಯದು ೮ ಪೆನ್ನಿ, ಹಳದಿಯ ಮೇಲೆ ಕರಿಯದು ೧೦, ನೀಲಿಯದು ೨೦, ಗುಲಾಬಿಯದು ೪೦.

ಈ ಚೀಟಿಗಳನ್ನು ಬಿಡಿಸುವುದಕ್ಕೆ ಅವರು ತೂತು ಕೊರೆಯಲಿಲ್ಲ. ಅಲೆಯಲೆಯಾಗಿ ಬಾಗಿದ ಅಲಗಿನಿಂದ ಸಾಲುಗಳ ನಡುವೆ ಸರ್ಪಗತಿಯಲ್ಲಿ ಕಾಗದವನ್ನು ಸೀಳಿ, ಅಲ್ಲಲ್ಲಿ ಕೂದಲೆಳೆಯಷ್ಟು ಬಂಧವನ್ನು ಮಾತ್ರ ಉಳಿಸುತ್ತಿದ್ದರು. ತೂತು ಕೊರೆದರೆ ಕಾಗದದ ಬಿಲ್ಲೆಗಳು ಉದುರಿಹೋಗುತ್ತವೆ. ಇಲ್ಲಿ ಏನೂ ಉದುರುವುದಿಲ್ಲ. ಒಂದು ಚೀಟಿಯ ಉಬ್ಬು ನೆರೆಯ ಚೀಟಿಯ ತಗ್ಗಿನಲ್ಲಿ ಕುಳಿತಿರುತ್ತದೆ. ಕೈಯ ಬೆರಳುಗಳಲ್ಲಿ ಬೆರಳು ಹೆಣೆದಂತೆ. ಬಿಡಿಸಿದ ಮೇಲೆ ಚೀಟಿಯ ಸುತ್ತಲೂ ಸುಮಾರು ಮೂವತ್ತು ನೀಳವಾದ ಹಲ್ಲುಗಳು. ಕೆಲವಲ್ಲಿ ಹಲ್ಲಿನ ಆಳ ಒಂದು ಮಿಲಿಮೀಟರಿಗೆ ತುಸು ಹೆಚ್ಚು, ಕೆಲವಲ್ಲಿ ಎರಡಕ್ಕೂ ಮೇಲು. ಇನ್ನು ಕೆಲವಲ್ಲಿ ಹಲ್ಲಿನ ತುದಿ ಚಮಚದಂತೆ ಅಗಲ. ಅಲಗು ಬದಲಾದಾಗ ಹಲ್ಲಿನ ಆಕಾರವೂ ಬದಲಾದುದರಿಂದ, ಬಲ್ಲವರು ಹಲ್ಲನ್ನು ಅಳೆದೇ ಚೀಟಿಯ ವಯಸ್ಸನ್ನು ಊಹಿಸುತ್ತಾರೆ. ನಮ್ಮ ರೈತರು ಎತ್ತಿನ ಹಲ್ಲು ಎಣಿಸಿ ಪ್ರಾಯ ಹೇಳುವುದಿಲ್ಲವೆ? ಅದರಂತೆಯೇ.

ಇಷ್ಟು ನೀಳವಾದ ಹಲ್ಲು ಉಳಿಯುವುದೆಂತು? ಅಂಚೆಮನೆಯಲ್ಲಿ ಅವಸರದಿಂದ ಹರಿದಾಗ ಬಂಧವು ತಪ್ಪಾದೆಡೆಯಲ್ಲಿ ಕಿತ್ತು, ಒಂದರ ಹಲ್ಲು ಇನ್ನೊಂದರೊಡನೆ ಹೋಗುತ್ತಿತ್ತು. ಉಳಿದುದು ಚೀಲದ ತಿಕ್ಕಾಟದಲ್ಲಿಯೂ, ಆಮೇಲೆ ಮಕ್ಕಳು ಲಕೋಟೆಯಿಂದ ನೆನೆಸಿ ತೆಗೆದಾಗಲೂ ಮುರಿಯುತ್ತಿತ್ತು. ಹೀಗಾಗಿ ಎಲ್ಲ ಹಲ್ಲುಗಳೂ ಇರುವ ಚೀಟಿ ವಿರಳ. ೧೮೭೫ರಿಂದ ಆ ನಾಡಿನವರೂ ಎಲ್ಲರಂತೆ ತೂತು ಕೊರೆಯತೊಡಗಿದರು. ದೇವರ ಪೂಜೆಗೆ ಮುರಿಯದ ಅಕ್ಕಿಯನ್ನೇ ಆರಿಸಿ ಅಕ್ಷತೆಯೆನ್ನುತ್ತೇವಷ್ಟೆ. ಈ ಚೀಟಿಗಳಲ್ಲಿಯೂ ಅಕ್ಷತವಾದುದಕ್ಕೆ ಒಂದು ಬೆಲೆ, ನುಚ್ಚಿಗೆ ಬೇರೊಂದು ಬೆಲೆ. ಎರಡಕ್ಕೂ ಅಜಗಜಾಂತರ.

ವಾಚಕರು ೧೮೮೯ನ್ನು ನೆನಪಿನಲ್ಲಿಟ್ಟಿರಬಹುದು. ಮೈಸೂರು ಅಂಚೆ ಚಕ್ರಾಧಿಪತ್ಯದ ಅಂಚೆಯಲ್ಲಿ ಸೇರಿದ ಮರುವರ್ಷ, ೧೮೯೦ರಲ್ಲಿ, ಫಿನ್ಲೆಂಡಿನ ಅಂಚೆಯನ್ನು ರಷ್ಯದ ಅಂಚೆಗೆ ಅಧೀನಪಡಿಸುವ ಫರ್ಮಾನು ಹೊರಟಿತು. ೧೯೦೦ರಲ್ಲಿ ಸಿಂಹದ ಚೀಟಿಗಳು ನಿಂತು ರಷ್ಯದ ಮಾದರಿಯವು ಬಂದಾಗ, ಆ ನಾಡಿನ ಜನರು ಸಿಂಹವಿದ್ದ ಕಪ್ಪು ಬಣ್ಣದ ಶೋಕಚೀಟಿಯೊಂದನ್ನು ತಾವೇ ಅಚ್ಚು ಹಾಕಿಸಿ ಕಾಗದಗಳಿಗೆ ಅಂಟಿಸಿದರು. ಸರಕಾರವು ಅದನ್ನು ನಿಷೇಧಿಸಿತು. ೧೯೧೭ರ ಡಿಸೆಂಬರ್ ೬ರಂದು ಫಿನ್ಲೆಂಡು ಸ್ವತಂತ್ರವಾಯಿತು. ಚಿಕ್ಕ ಚೀಟಿಯೊಳಗೆ ಒಂದು ನಾಡಿನ ಅಭಿಮಾನವು ಎಷ್ಟು ಹಿಡಿಸಬಹುದೆಂಬುದಕ್ಕೆ ಇದು ನಿದರ್ಶನ. ನಮ್ಮ ಮಿತ್ರರು ಪತ್ರವ್ಯವಹಾರದ ಮೂಲಕ, ನಮ್ಮ ಚೀಟಿಗಳನ್ನು ಕೊಟ್ಟು ಅವರದನ್ನು ತರಿಸುತ್ತ, ಮೂವತ್ತು ವರ್ಷಗಳಲ್ಲಿ ಹನ್ನೊಂದನ್ನು ಕೂಡಿಸಿದ್ದರು.

ಇನ್ನು ಪ್ರಕೃತಕ್ಕೆ ಬರೋಣ. ಹನ್ನೊಂದರಲ್ಲಿ ಹತ್ತಕ್ಕೆ ಹಲ್ಲು ಮುಕ್ಕಾಗಿದ್ದುವು. ಒಂದಕ್ಕೆ ಎರಡು, ಇನ್ನೊಂದಕ್ಕೆ ಐದು, ಹೀಗೆ. ಗುಲಾಬಿಯ ೪೦ ಪೆನ್ನಿಯೊಂದು ಮಾತ್ರ ಪೂರ್ಣ. ವ್ಯಾಪಾರಿಯು ಅತ್ತಿಗೆಯವರಿಗೆ ಹೇಳಿದ್ದ ಮಾತಿದು: ಪೂರ್ಣವಾದುದಕ್ಕೆ ಒಳ್ಳೆಯ ಬೆಲೆ ಕೊಡುತ್ತೇನೆ, ಉಳಿದವಕ್ಕೆ ನುರಿತ ಕೈಯಿಂದ ಹಲ್ಲು ಕಟ್ಟಿಸಿ, ಪೂರ್ಣವೆಂದೇ ಹೊರದೇಶದಲ್ಲಿ ಮಾರಿ, ಬಂದುದರಲ್ಲಿ ಅರ್ಧ ನಿಮಗೆ. ಎರಡು ಕಣ್ಣಿನ ಚಿಕಿತ್ಸೆಯೂ ಆಗಿ ಮಿಗುವಷ್ಟು ಹಣ.

ನಾವು ಗುಲಾಬಿಯ ಚೀಟಿಯನ್ನು ಚಿಮುಟದಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಓರೆಯಾಗಿ ತಿರುಗಿಸಿದೆವು. ಕಾಗದದ ನಾರು ಹಲ್ಲಿನ ಬುಡದಿಂದ ತುದಿಯವರೆಗೆ ಒಂದೇ ಸಮನೆ ಹರಿದಿರಬೇಕು. ಕೆಳಸಾಲಿನ ಬಲಗಡೆಯ ಎರಡು ಹಲ್ಲುಗಳ ಬುಡದಲ್ಲಿ ಆ ಹರಿವು ನಿಂತಿತ್ತು. ಅಲ್ಲೊಂದು ಸಣ್ಣ ದಪ್ಪ. ಬೇರೆ ಯಾವುದೋ ಹಾಳಾದ ಚೀಟಿಯ ಹಲ್ಲುಗಳನ್ನು ತಂದು ಬೆಸೆದಿದ್ದರು. ಇದನ್ನು ಅತ್ತಿಗೆಯವರಿಗೆ ತಿಳಿಸದೆ ವಿಧಿಯಿರಲಿಲ್ಲ. ಅವರು ಕಾಳು ಹಿತುಕುವುದನ್ನು ನಿಲ್ಲಿಸಿ, ನಕ್ಕು, "ನನ್ನ ಹಲ್ಲೂ ಕಟ್ಟಿಸಿದ್ದೇ, ಮೇಷ್ಟ್ರೇ. ಅದರಿಂದ ನಾನು ಯಾರಿಗೆ ಮೋಸಮಾಡಿದೆ?" ಎಂದರು.

"ನೀವು ಕಟ್ಟಿಸಿದ್ದು ಊಟಕ್ಕೆ, ಅತ್ತಿಗೆ, ಮಾರಾಟಕ್ಕಲ್ಲ" ಎಂದೆವು.

"ಆಗಲಿ. ಜೀರ್ಣೋದ್ಧಾರವು ಪುಣ್ಯವೆಂದು ನೀವೇ ಪಾಠ ಹೇಳುತ್ತಿದ್ದಿರಲ್ಲ? ಬಿದ್ದ ಗೋಪುರ ಕಟ್ಟಿದರೆ ಪುಣ್ಯ, ಬಿದ್ದ ಹಲ್ಲು ಕಟ್ಟಿದರೆ ಪಾಪವೆ?"

ಪ್ರಶ್ನೆಯು ಸುಲಭದ್ದಲ್ಲ. ನಾವು ಹೀಗೆ ಉತ್ತರ ಕೊಟ್ಟೆವು: "ಜೀರ್ಣೋದ್ಧಾರ ಮಾಡಿದವರು ಗುಡಿಯಲ್ಲಿ ಒಂದು ಕಲ್ಲು ನಿಲ್ಲಿಸಿ, ಇಂಥ ಸಂವತ್ಸರದಲ್ಲಿ ಇಂಥವನು ಇಷ್ಟನ್ನು ಕಟ್ಟಿಸಿದನೆಂದು ಬರೆಯಿಸುತ್ತಾರೆ. ಹೊಸದನ್ನು ಹಳೆಯದೆಂದು ಅವರು ಹೇಳುವುದಿಲ್ಲ. ಹಲ್ಲು ಕಟ್ಟುವುದರಲ್ಲಿ ದೋಷವಿಲ್ಲ, ಕಟ್ಟಿದ್ದನ್ನು ಬಚ್ಚಿಡುವುದರಲ್ಲಿದೆ." ಅವರು ಏನನ್ನೂ ಹೇಳಲಿಲ್ಲ. ಕಣ್ಣು ಅವರದು, ಖರ್ಚು ಅವರದು. ಧರ್ಮವನ್ನು ಹೇಳುವವನಿಗೆ ಖರ್ಚಿಲ್ಲವೆಂಬುದು ನಮಗೂ ತಿಳಿದಿತ್ತು. ಆದುದರಿಂದ ನಾವೂ ಸುಮ್ಮನಾದೆವು.

ಚೀಟಿಯನ್ನು ಪುನಃ ಅದರ ಸ್ಥಳದಲ್ಲಿಡುವಾಗ, ಪುಟದ ಮೇಲೆ, ಚೀಟಿಯು ಮುಚ್ಚಿದ್ದ ಜಾಗದಲ್ಲಿ, ಸೀಸದಕಡ್ಡಿಯ ಸಣ್ಣ ಅಕ್ಷರಗಳು ಕಂಡುವು. "ಕೆಳಗೆ ಬಲದ ಎರಡು ಹಲ್ಲು ಸೇರಿಸಿದ್ದು. ಕೊಂಡ ಮೇಲೆ ತಿಳಿಯಿತು" ಎಂದು ಮಿತ್ರರ ಕೈಬರೆಹ. ಮೊಮ್ಮಗಳು ಅದನ್ನು ಗಟ್ಟಿಯಾಗಿ ಓದಿದಳು. ಅತ್ತಿಗೆಯವರು ಸೆರಗಿನಿಂದ ಕೈ ಒರೆಸಿಕೊಂಡು, "ಅವರು ಹಾಗೆಯೇ. ತರಕಾರಿಯವನು ನಾಲ್ಕಾಣೆ ಹೆಚ್ಚಾಗಿ ಚಿಲ್ಲರೆ ಕೊಟ್ಟರೆ, ಬಿಸಿಲಿನಲ್ಲಿ ತಿರುಗಿ ಹೋಗಿ ಕೊಟ್ಟುಬರುತ್ತಿದ್ದರು. ನೀವೇ ಯಾರಿಗಾದರೂ ಇದ್ದದ್ದು ಇದ್ದ ಹಾಗೆ ಹೇಳಿ ಮಾರಿಕೊಡಿ, ಮೇಷ್ಟ್ರೇ" ಎಂದರು. ಆಮೇಲೆ ಅವರೆಕಾಳಿನ ಕಡೆಗೆ ತಿರುಗಿದರು.

ಅಲ್ಲಿಂದ ನಾವು ಜೆ. ಪಿ. ನಗರಕ್ಕೆ ಹೋದೆವು, ಬನಶಂಕರಿಯಿಂದ ಒಂದೇ ನಿಲ್ದಾಣ. ಜಯಪ್ರಕಾಶ ನಾರಾಯಣರ ಹೆಸರನ್ನು ಹೊತ್ತ ಈ ಬಡಾವಣೆಯಲ್ಲಿ ಬ್ಯಾಂಕಿನಿಂದ ನಿವೃತ್ತರಾದ ಪರಿಚಿತರೊಬ್ಬರು ಚೀಟಿಗಳ ಬೆಲೆಯ ಸೂಚಿಗ್ರಂಥಗಳನ್ನಿಟ್ಟಿದ್ದಾರೆ. ಅವರು ಪುಟ ತಿರುವಿ, ಪೂರ್ಣದ ಬೆಲೆಯನ್ನೂ ಮುಕ್ಕಾದುದರ ಬೆಲೆಯನ್ನೂ ಬೇರೆಬೇರೆಯಾಗಿ ಬರೆದುಕೊಟ್ಟರು. ಹಲ್ಲು ಸೇರಿಸಿದುದನ್ನು ಮುಕ್ಕಾದುದರ ಲೆಕ್ಕಕ್ಕೇ ಹಾಕಬೇಕೆಂದರು. ನೀಲಿಯ ೨೦ ಪೆನ್ನಿಯ ಮೇಲೆ ಅಂಚೆಮುದ್ರೆಯ ಊರೂ ತಾರೀಖೂ ಸ್ಪಷ್ಟವಾಗಿ ಬಿದ್ದಿದ್ದುದನ್ನು ಕಂಡು, "ಹಲ್ಲಿಲ್ಲದಿದ್ದರೂ ಮಾತು ಸ್ಪಷ್ಟವಾಗಿದೆ" ಎಂದು ವಿನೋದವಾಡಿದರು. ಅವರ ಅಭಿಪ್ರಾಯದಲ್ಲಿ, ಮುಕ್ಕಾದರೂ ಒಳ್ಳೆಯ ಮುದ್ರೆಯಿರುವ ಚೀಟಿಯು ಇತಿಹಾಸಕ್ಕೆ ಹೆಚ್ಚು ಉಪಕಾರಿ.

ಮತ್ತೆ ರಾಷ್ಟ್ರೀಯ ವಿದ್ಯಾಲಯ ರಸ್ತೆಗೆ ಹಿಂದಿರುಗಿ, ೨೦೨೫ರ ಆಗಸ್ಟಿನಲ್ಲಿ ತೆರೆದ ಹಳದಿ ಮಾರ್ಗವನ್ನು ಹಿಡಿದೆವು. ಮೊದಲ ನಿಲ್ದಾಣವೇ ರಾಗಿಗುಡ್ಡ. ರಾಗಿಯ ರಾಶಿಯೇ ಕಲ್ಲಾಯಿತೆಂಬ ಐತಿಹ್ಯವುಳ್ಳ ಗುಡ್ಡದ ಮೇಲೆ ಆಂಜನೇಯನು ನೆಲಸಿದ್ದಾನೆ. ಅದನ್ನೂ ಜಯದೇವ ಆಸ್ಪತ್ರೆಯನ್ನೂ ದಾಟಿದರೆ ಬಿ. ಟಿ. ಎಂ. ಬಡಾವಣೆ. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಹೆಸರುಗಳು ಮೂರು ಇಂಗ್ಲಿಷ್ ಅಕ್ಷರಗಳಾಗಿ ಸವೆದುಹೋಗಿವೆ. ಅಲ್ಲಿ ಮನೆಮಾಡಿಕೊಂಡಿರುವ ಎಷ್ಟೋ ತರುಣರಿಗೆ ಆ ಅಕ್ಷರಗಳ ಹಿಂದೆ ಒಂದು ತಾವರೆಯ ಕೆರೆಯಿತ್ತೆಂಬುದು ತಿಳಿಯದು. ಹಲ್ಲುದುರಿದ ಹೆಸರೆಂದು ಇದನ್ನು ಕರೆಯಬಹುದು.

ನಾವು ಕಾಣಬೇಕಾಗಿದ್ದವನು ಗಣಕಯಂತ್ರದ ಕಂಪನಿಯೊಂದರಲ್ಲಿ ಕೆಲಸ ಮಾಡುವ, ನಮ್ಮ ಹಳೆಯ ಶಿಷ್ಯ. ಫಿನ್ಲೆಂಡಿನ ಚೀಟಿಗಳನ್ನೇ ವ್ರತದಂತೆ ಕೂಡಿಸುತ್ತಾನೆ. ಅವನು ದೀಪಗಳನ್ನಾರಿಸಿ, ಅತಿನೇರಳೆ ಬೆಳಕಿನ ಸಣ್ಣ ದೀಪವನ್ನು ಹಿಡಿದನು. ಗುಲಾಬಿಯ ಚೀಟಿಯಲ್ಲಿ ಬೆಸೆದ ಎರಡು ಹಲ್ಲುಗಳ ಬುಡದ ಅಂಟು ಬೇರೆ ಬಣ್ಣದಲ್ಲಿ ಹೊಳೆಯಿತು. ಕಣ್ಣಿಗೆ ಸಂದೇಹವಾಗಿದ್ದುದು ದೀಪಕ್ಕೆ ನಿಶ್ಚಯವಾಯಿತು. "ಸಾರ್, ಇದನ್ನು ಪೂರ್ಣವೆಂದು ಹೇಳಿ ತಂದಿದ್ದರೆ ನಾನು ಒಂದನ್ನೂ ಕೊಳ್ಳುತ್ತಿರಲಿಲ್ಲ. ಇದ್ದದ್ದನ್ನು ಹೇಳಿದಿರಿ, ಹನ್ನೊಂದನ್ನೂ ಕೊಳ್ಳುತ್ತೇನೆ. ಆದರೆ ಆ ಬರೆಹವಿರುವ ಪುಟವೂ ನನಗೆ ಬೇಕು" ಎಂದನು. ಪುಟಕ್ಕೆ ಪ್ರತ್ಯೇಕ ಬೆಲೆಯನ್ನೂ ಕೊಡಲು ಬಂದನು. ಆ ಪುಟವನ್ನು ಮಾತ್ರ ಅತ್ತಿಗೆಯವರನ್ನು ಕೇಳಿಯೇ ಕೊಡಬೇಕೆಂದು ನಾವು ದೂರವಾಣಿಯಲ್ಲಿ ಕೇಳಿದೆವು. "ಚೀಟಿಗಳನ್ನು ಕೊಡಿ, ಅಕ್ಷರ ನನಗಿರಲಿ" ಎಂದರು. ಶಿಷ್ಯನು ಆ ಪುಟದ ಛಾಯಾಚಿತ್ರವನ್ನು ತೆಗೆದುಕೊಂಡು ತೃಪ್ತನಾದನು.

ಬಂದ ಹಣವು ವ್ಯಾಪಾರಿಯು ತೋರಿಸಿದ ಆಸೆಗೆ ಬಹಳ ಕಡಿಮೆ. ಅದರಿಂದ ಅತ್ತಿಗೆಯವರ ಬಲಗಣ್ಣಿನ ಚಿಕಿತ್ಸೆಯಾಯಿತು. ಎಡಗಣ್ಣಿಗೆ ಇನ್ನೂ ಸ್ವಲ್ಪ ಕೂಡಿಸಬೇಕಾಗಿದೆ. ಸತ್ಯಕ್ಕೆ ಖರ್ಚಿಲ್ಲವೆಂದು ಮಕ್ಕಳಿಗೆ ಹೇಳುವವರು ಈ ಲೆಕ್ಕವನ್ನೂ ಮುಚ್ಚಿಡದೆ ಹೇಳಬೇಕು. ಬಲಗಣ್ಣು ತೆರೆದ ಮೇಲೆ ಅವರು ಮೊದಲು ಓದಿದುದು ಯಾವುದನ್ನೆಂದು ವಾಚಕರಿಗೆ ಬೇರೆ ಹೇಳಬೇಕಾಗಿಲ್ಲ.

ಗೃಹಸ್ಥರಿಗೆ ಉಪಯೋಗವಾಗುವಂತೆ ಕೆಲವು ಮಾತುಗಳನ್ನು ಹೇಳಿ ಮುಗಿಸುತ್ತೇವೆ. ಮನೆಯಲ್ಲಿ ಹಿರಿಯರ ಹಳೆಯ ಲಕೋಟೆಗಳಿದ್ದರೆ ಅವಸರದಿಂದ ಚೀಟಿಯನ್ನು ಕಿತ್ತು ನೀರಿನಲ್ಲಿ ನೆನೆಯಿಸಬಾರದು. ಲಕೋಟೆಯೊಡನಿದ್ದರೆ ಮುದ್ರೆ, ವಿಳಾಸ, ದಾರಿ ಎಲ್ಲವೂ ಉಳಿದು ಮೌಲ್ಯವೂ ಹೆಚ್ಚುತ್ತದೆ. ಬೆರಳಿನ ಜಿಡ್ಡು ಕಾಗದಕ್ಕೆ ಶತ್ರು. ಚಪ್ಪಟೆ ತುದಿಯ ಚಿಮುಟದಿಂದಲೇ ಹಿಡಿಯಬೇಕು. ಗೋಂದು, ಮೈದಾ ಅಂಟು, ಪಾರದರ್ಶಕ ಟೇಪು ಇವು ಸರ್ವಥಾ ಕೂಡದು. ಮಳೆಗಾಲದ ಥಂಡಿಯಲ್ಲಿ ಪುಸ್ತಕವನ್ನು ಮಲಗಿಸದೆ ನಿಲ್ಲಿಸಿಟ್ಟು, ಆಗಾಗ್ಗೆ ನೆರಳಿನಲ್ಲಿ ಗಾಳಿಯಾಡಿಸಬೇಕು. ಬಿಸಿಲಿಗೆ ಒಡ್ಡಿದರೆ ಬಣ್ಣ ಹೋಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಪ್ರತಿಯೊಂದು ವಸ್ತುವು ಎಲ್ಲಿಂದ ಬಂದಿತು, ಎಷ್ಟಕ್ಕೆ ಬಂದಿತು, ಅದರಲ್ಲಿ ಏನು ಊನ, ಏನು ಸೇರಿಸಿದ್ದು ಎಂಬುದನ್ನು ಮೃದುವಾದ ಸೀಸದಕಡ್ಡಿಯಿಂದ ಪುಟದ ಮೇಲೆ ಬರೆದಿಡಬೇಕು. ನಾವು ಹೋದ ಮೇಲೆ ನಮ್ಮ ಪರವಾಗಿ ಮಾತನಾಡುವುದು ಆ ಬರೆಹವೇ.

ಬೆಂಗಳೂರಿಗೆ ಬಂದವರು ಮ್ಯೂಸಿಯಂ ರಸ್ತೆಯ ಅಂಚೆಮನೆಯಲ್ಲಿರುವ ಅಂಚೆಯ ವಸ್ತುಸಂಗ್ರಹಾಲಯವನ್ನು ಮಕ್ಕಳೊಡನೆ ನೋಡಬಹುದು. ಕಾಗದದ ಕಾಲವು ಹಿಂದಾಗುತ್ತಿದೆ. ೨೦೨೫ರಲ್ಲಿ ನಮ್ಮ ರಿಜಿಸ್ಟರ್ಡ್ ಅಂಚೆಯೂ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಯಿತು. ಹಂಸವು ಹಾರಿಹೋದರೂ ಅದು ತಂದ ಓಲೆಗಳು ನಮ್ಮ ಪೆಟ್ಟಿಗೆಗಳಲ್ಲಿ ಉಳಿದಿವೆ. ಹಲ್ಲು ಮುಕ್ಕಾದುವೆಂದು ಅವನ್ನು ಎಸೆಯದಿರೋಣ. ಮುಕ್ಕಿಲ್ಲವೆಂದು ಹೇಳದೆಯೂ ಇರೋಣ.